ಗೋಬಿಯ ಒಂದು ಮೊಟ್ಟೆ: ಸಹಾಯಾರ್ಥ ಹರಾಜೊಂದರ ಇತಿಹಾಸ

ಸರ್ಕಾರದ ನೆರವಾಗಲಿ ಸ್ಥಿರವಾದ ಆದಾಯವಾಗಲಿ ಸಾಲದೆ ಬಂದಾಗ ವಿದ್ಯಾಸಂಸ್ಥೆಗಳೂ ವಸ್ತುಸಂಗ್ರಹಾಲಯಗಳೂ ಹಣ ಕೂಡಿಸಲು ಅನುಸರಿಸುವ ಮಾರ್ಗಗಳಲ್ಲಿ ಸಹಾಯಾರ್ಥ ಹರಾಜೂ ಒಂದು. ಇತಿಹಾಸದ ವಿದ್ಯಾರ್ಥಿಗಳು ಇದನ್ನು ಗಮನಾರ್ಹವಾದ ವಿಷಯವೆಂದು ಸಾಮಾನ್ಯವಾಗಿ ಎಣಿಸುವುದಿಲ್ಲ. ಹಣ ಬಂದಿತು, ಕೆಲಸ ನಡೆಯಿತು ಎಂಬಲ್ಲಿಗೆ ಸಂಸ್ಥೆಗಳ ವರದಿಗಳೂ ಮುಗಿಯುತ್ತವೆ. ಆದರೆ 1923–24ರ ಚಳಿಗಾಲದಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯವೊಂದರ ಪರವಾಗಿ ನಡೆದ ಇಂಥದೊಂದು ಹರಾಜು ಅಷ್ಟಕ್ಕೇ ಮುಗಿಯಲಿಲ್ಲ. ಅಲ್ಲಿ ಮಾರಾಟವಾದದ್ದು ಒಂದೇ ಒಂದು ವಸ್ತು: ಮಂಗೋಲಿಯದ ಗೋಬಿ ಮರುಭೂಮಿಯಲ್ಲಿ ದೊರೆತ, ಕಲ್ಲಾಗಿ ಹೋಗಿದ್ದ, ಸುಮಾರು ಗೇಣುದ್ದದ ಮೊಟ್ಟೆ. ಬಂದ ಹಣ 5,000 ಡಾಲರು. ಯಾವ ಕಾರ್ಯಕ್ಕೆಂದು ಆ ಹಣವನ್ನು ಕೂಡಿಸಲಾಯಿತೋ ಅದೇ ಕಾರ್ಯಕ್ಕೆ ಈ ಹರಾಜು ಕಂಟಕವಾಯಿತೆಂದು ಅದನ್ನು ಏರ್ಪಡಿಸಿದವರೇ ಮುಂದೆ ಬರೆದಿದ್ದಾರೆ. ಈ ಮಾತು ಎಷ್ಟರಮಟ್ಟಿಗೆ ನಿಜ, ಒಂದು ಮೊಟ್ಟೆಯ ಬೆಲೆ ದೇಶದೇಶಗಳ ವಿದ್ವಾಂಸರ ನಡುವಣ ವ್ಯಾಜ್ಯಕ್ಕೆ ಸಾಮಗ್ರಿಯಾದುದು ಹೇಗೆ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಹರಾಜಿನ ಸ್ವರೂಪವನ್ನು ಸ್ವಲ್ಪ ನೋಡಬೇಕು. ಕನ್ನಡದಲ್ಲಿ ಇದಕ್ಕೆ ಬಳಕೆಯಲ್ಲಿರುವ ಮಾತುಗಳೆಲ್ಲ ಹೊರಗಿನಿಂದ ಬಂದವೆಂಬುದು ಗಮನಿಸತಕ್ಕ ಅಂಶ. ಹರಾಜು ಅರಬ್ಬಿ ಪಾರಸಿಗಳ ಮೂಲಕ ಬಂದದ್ದು. ಉತ್ತರ ಕರ್ನಾಟಕದ ಲಿಲಾವು, ಕರಾವಳಿಯ ಏಲಂ ಇವೆರಡೂ ಪೋರ್ಚುಗೀಸರ ಮಾತಿನ ರೂಪಾಂತರಗಳು. ವ್ಯವಹಾರವು ಪೇಟೆಯದು, ರೇವುಪಟ್ಟಣದ್ದು. ಸಾಮಾನ್ಯವಾದ ಹರಾಜಿನಲ್ಲಿ ಸವಾಲು ಕೂಗುವವರೆಲ್ಲರೂ ವಸ್ತುವಿನ ಉಪಯೋಗವನ್ನೋ ಮರುಮಾರಾಟದ ಲಾಭವನ್ನೋ ಲೆಕ್ಕ ಹಾಕಿರುತ್ತಾರೆ. ಆದುದರಿಂದ ಕೊನೆಗೆ ನಿಂತ ಬೆಲೆಯು ಆ ವಸ್ತುವಿನ ಯೋಗ್ಯತೆಯನ್ನು ಹೆಚ್ಚುಕಡಮೆ ಸೂಚಿಸುತ್ತದೆಂದು ಹೇಳಬಹುದು. ಸಹಾಯಾರ್ಥ ಹರಾಜಿನಲ್ಲಿ ಹಾಗಲ್ಲ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ತೇರು ಹೊರಡುವ ಮುನ್ನ ಮುಕ್ತಿ ಬಾವುಟವನ್ನು ಹರಾಜಿಗೆ ಇಡುವ ಪದ್ಧತಿ ನಮ್ಮವರಿಗೆ ತಿಳಿದೇ ಇದೆ. ಲಕ್ಷಗಟ್ಟಲೆ ರೂಪಾಯಿಗೆ ಸವಾಲು ನಿಂತಾಗ, ಬಟ್ಟೆಯ ಬೆಲೆ ಅಷ್ಟಾಯಿತೆಂದು ಅಲ್ಲಿ ನೆರೆದ ಭಕ್ತರಲ್ಲಿ ಒಬ್ಬರೂ ತಿಳಿಯುವುದಿಲ್ಲ. ಕೊಟ್ಟ ಹಣದಲ್ಲಿ ಬಟ್ಟೆಯ ಕ್ರಯ ಅತ್ಯಲ್ಪ, ಮಿಕ್ಕುದೆಲ್ಲ ಕಾಣಿಕೆ. ಎರಡೂ ಸೇರಿ ಒಂದೇ ಅಂಕಿಯಾಗಿ ಕೂಗಲ್ಪಡುತ್ತವೆ, ಅಷ್ಟೆ. ತೇರಿನ ಬೀದಿಯಲ್ಲಿರುವವರು ಈ ಎರಡನ್ನೂ ಮನಸ್ಸಿನಲ್ಲೇ ಬೇರ್ಪಡಿಸಿಕೊಳ್ಳಬಲ್ಲರು. ಆ ಪದ್ಧತಿಯನ್ನೇ ಅರಿಯದ ದೂರದೇಶದವನೊಬ್ಬನಿಗೆ ಅಂಕಿ ಮಾತ್ರ ತಲುಪಿದರೆ ಅವನು ಅದನ್ನು ಬಟ್ಟೆಯ ಬೆಲೆಯೆಂದೇ ಓದಿಯಾನು. ಗೋಬಿಯ ಮೊಟ್ಟೆಯ ವಿಚಾರದಲ್ಲಿ ನಡೆದದ್ದು ಬಹುಮಟ್ಟಿಗೆ ಇದೇ.

ನ್ಯೂಯಾರ್ಕಿನ ಅಮೆರಿಕನ್ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯವು 1869ರಲ್ಲಿ ಸ್ಥಾಪಿತವಾದದ್ದು. 1908ರಿಂದ 1933ರ ವರೆಗೆ ಅದರ ಅಧ್ಯಕ್ಷರಾಗಿದ್ದ ಹೆನ್ರಿ ಫೇರ್‌ಫೀಲ್ಡ್ ಆಸ್ಬಾರ್ನರು ಪ್ರಾಗ್ಜೀವವಿಜ್ಞಾನದಲ್ಲಿ ಪ್ರಸಿದ್ಧರಾದ ವಿದ್ವಾಂಸರು. ಸಸ್ತನಿಗಳ ಅನೇಕ ವಂಶಗಳು, ಅವುಗಳೊಡನೆ ಮನುಷ್ಯನೂ, ಮಧ್ಯ ಏಷ್ಯದಲ್ಲಿ ಹುಟ್ಟಿ ಅಲ್ಲಿಂದ ಇತರ ಖಂಡಗಳಿಗೆ ಹರಡಿರಬೇಕೆಂಬುದು ಅವರ ದೃಢವಾದ ಮತವಾಗಿದ್ದಿತು. ಮನುಷ್ಯನ ಮೂಲದ ಮಟ್ಟಿಗೆ ಈ ಮತ ನಿಲ್ಲಲಿಲ್ಲ. ಆಫ್ರಿಕದ ಸಾಕ್ಷ್ಯಗಳು ಅದನ್ನು ಬದಿಗೆ ಸರಿಸಿದುವು. ಆದರೆ ಆ ಕಾಲದಲ್ಲಿ ಅದಕ್ಕೆ ತೂಕವಿದ್ದಿತು. ಅದೇ ವಸ್ತುಸಂಗ್ರಹಾಲಯದ ಬಾರ್ನಮ್ ಬ್ರೌನರು ಇದೇ ವರ್ಷಗಳಲ್ಲಿ ನಮ್ಮ ಶಿವಾಲಿಕ್ ಬೆಟ್ಟಗಳಲ್ಲಿ ಸಸ್ತನಿಗಳ ಶಿಲಾವಶೇಷಗಳನ್ನು ಸಂಗ್ರಹಿಸುತ್ತಿದ್ದರೆಂಬುದನ್ನೂ ಇಲ್ಲಿ ನೆನೆಯಬಹುದು. ಮಧ್ಯ ಏಷ್ಯದ ಅನ್ವೇಷಣೆಯ ನಾಯಕತ್ವವು ರಾಯ್ ಚಾಪ್ಮನ್ ಆಂಡ್ರೂಸರ ಪಾಲಿಗೆ ಬಂದಿತು. 1884ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಬೆಲಾಯಿಟ್‌ನಲ್ಲಿ ಹುಟ್ಟಿದ ಆಂಡ್ರೂಸರು, ಬೇರೆ ಕೆಲಸವಿಲ್ಲವಾದರೆ ನೆಲವನ್ನಾದರೂ ಗುಡಿಸುತ್ತೇನೆಂದು ಹೇಳಿ 1906ರಲ್ಲಿ ಈ ಸಂಸ್ಥೆಯನ್ನು ಸೇರಿಕೊಂಡವರು. ಆಳವಾದ ಪಾಂಡಿತ್ಯಕ್ಕಿಂತ ಸಾಹಸ, ವ್ಯವಸ್ಥಾಶಕ್ತಿ, ಮಾತಿನ ಚಾತುರ್ಯಗಳು ಅವರಲ್ಲಿ ಹೆಚ್ಚಾಗಿದ್ದುವು. ಹಣವಂತರನ್ನು ಒಲಿಸಿಕೊಳ್ಳುವ ವಿದ್ಯೆ ಅವರಿಗೆ ಕರಗತವಾಗಿದ್ದಿತೆಂದು ಹೇಳಿದರೆ ನಿಂದೆಯಾಗದು. ಮೊದಲ ಯೋಜನೆಗೆ ಎರಡೂವರೆ ಲಕ್ಷ ಡಾಲರುಗಳು ಬೇಕೆಂದು ಅಂದಾಜಾದಾಗ ಅದರಲ್ಲಿ 50,000 ಡಾಲರುಗಳನ್ನು ಬ್ಯಾಂಕಿನ ಒಡೆಯರಾದ ಜೆ. ಪಿ. ಮಾರ್ಗನರು ಒಬ್ಬರೇ ಕೊಡಲೊಪ್ಪಿದರು.

1922, 1923, 1925, 1928, 1930, ಹೀಗೆ ಐದು ಬೇಸಿಗೆಗಳಲ್ಲಿ ಈ ಅನ್ವೇಷಣೆಗಳು ನಡೆದುವು. ಕೇಂದ್ರಸ್ಥಾನ ಪೀಕಿಂಗ್ (ಈಗಿನ ಬೀಜಿಂಗ್). ಅಲ್ಲಿಂದ ಮಹಾಗೋಡೆಯ ಬಳಿಯಿರುವ ಕಾಲ್ಗನ್ ಪಟ್ಟಣದ ಮಾರ್ಗವಾಗಿ ಪ್ರಸ್ಥಭೂಮಿಯನ್ನು ಏರಬೇಕು. ವಿದ್ವಾಂಸರು ಡಾಡ್ಜ್ ಮೋಟಾರುಗಳಲ್ಲಿ ಸಾಗುತ್ತಿದ್ದರು. ಅವರಿಗೆ ಬೇಕಾದ ಪೆಟ್ರೋಲು, ಹಿಟ್ಟು ಮೊದಲಾದುವನ್ನು ಹೊತ್ತ ಒಂಟೆಗಳ ಸಾಲು ತಿಂಗಳುಗಳ ಮುಂಚೆಯೇ ಹೊರಟು ಗೊತ್ತಾದ ಸ್ಥಳದಲ್ಲಿ ಕಾದಿರುತ್ತಿದ್ದಿತು. ಹಿಂತಿರುಗುವಾಗ ಅದೇ ಒಂಟೆಗಳ ಮೇಲೆ ಎಲುಬಿನ ಪೆಟ್ಟಿಗೆಗಳು. ಮಂಗೋಲಿಯದ ರಾಜಧಾನಿಯಾದ ಉರ್ಗಾದಲ್ಲಿ (ಈಗಿನ ಉಲಾನ್ ಬಾತರ್) ಅಧಿಕಾರಿಗಳ ಅನುಮತಿಯನ್ನು ಪಡೆಯಬೇಕಾಗಿದ್ದಿತು. 1922ರಲ್ಲಿ ಅಲ್ಲಿಯ ಪ್ರಧಾನಮಂತ್ರಿಗಳು, ಮರಳಿನಲ್ಲಿ ವಾಸಿಸುವ, ತಲೆಕಾಲುಗಳಿಲ್ಲದ, ಮುಟ್ಟಿದರೆ ಸಾವೇ ಗತಿಯೆಂದು ಜನ ನಂಬಿದ್ದ ಹುಳುವೊಂದನ್ನು ತಮ್ಮ ಸರ್ಕಾರಕ್ಕಾಗಿ ಹಿಡಿದು ತರಬೇಕೆಂದು ಆಂಡ್ರೂಸರನ್ನು ಕೇಳಿಕೊಂಡರಂತೆ. ಆಂಡ್ರೂಸರು 1926ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನು ವಿನೋದವಾಗಿ ವರ್ಣಿಸಿದ್ದಾರೆ. ವಿನೋದವೇನೋ ಸರಿ, ಆದರೆ ಬಂದವರು ಪ್ರಾಣಿಗಳನ್ನೂ ಎಲುಬುಗಳನ್ನೂ ಹುಡುಕುವ ಜನ, ಅವರಿಗೆ ಒಂದು ಕೆಲಸ ಹೇಳಬಹುದು ಎಂಬ ನಂಬಿಕೆ ಆಗ ಉರ್ಗಾದಲ್ಲಿ ಇದ್ದಿತೆಂಬುದಕ್ಕೆ ಈ ಕೋರಿಕೆ ಸಾಕ್ಷಿ. ಮೂರೇ ವರ್ಷಗಳಲ್ಲಿ ಆ ನಂಬಿಕೆ ಉಳಿದಿರಲಿಲ್ಲ.

1922ರ ಪ್ರಯಾಣದ ಕೊನೆಯಲ್ಲಿ, ದಕ್ಷಿಣ ಗೋಬಿಯಲ್ಲಿ ದಾರಿ ವಿಚಾರಿಸಲೆಂದು ಮೋಟಾರುಗಳು ನಿಂತಿದ್ದಾಗ, ಛಾಯಾಗ್ರಾಹಕರಾದ ಷ್ಯಾಕಲ್‌ಫರ್ಡರು ಸುಮ್ಮನೆ ನಡೆದುಹೋಗಿ ಕೆಂಪು ಮರಳುಗಲ್ಲಿನ ಕಡಿದಾದ ಅಂಚೊಂದನ್ನು ಕಂಡರು. ಬಯನ್‌ಜಾಗ್ ಎಂಬ ಆ ಸ್ಥಳಕ್ಕೆ, ಸಂಜೆಯ ಬಿಸಿಲಿನಲ್ಲಿ ಅದು ಉರಿಯುವಂತೆ ತೋರುವುದರಿಂದ, ಆಂಡ್ರೂಸರು ‘ಜ್ವಾಲಾಶಿಖರಗಳು’ ಎಂಬರ್ಥದ ಹೆಸರಿಟ್ಟರು. ಅಲ್ಲಿ ಸಿಕ್ಕಿದ ತಲೆಬುರುಡೆಯೊಂದನ್ನು ನ್ಯೂಯಾರ್ಕಿನಲ್ಲಿ ಪರೀಕ್ಷಿಸಿ ಹೊಸ ಜಾತಿಯೆಂದು ನಿರ್ಣಯಿಸಿ ಪ್ರೋಟೋಸೆರಾಟಾಪ್ಸ್ ಎಂದು 1923ರಲ್ಲಿ ನಾಮಕರಣ ಮಾಡಲಾಯಿತು. ಆ ವರ್ಷ ಜುಲೈ ತಿಂಗಳಿನಲ್ಲಿ ತಂಡವು ಅದೇ ಸ್ಥಳಕ್ಕೆ ಮರಳಿದಾಗ ಜಾರ್ಜ್ ಓಲ್ಸೆನ್ನರು ತಾವು ಮೊಟ್ಟೆಗಳನ್ನು ಕಂಡಿರುವುದಾಗಿ ಬಂದು ಹೇಳಿದರು. ಮೊದಲು ಯಾರೂ ನಂಬಲಿಲ್ಲ. ಮಣ್ಣಿನ ಗಂಟುಗಳಿರಬಹುದೆಂದು ನಕ್ಕರು. ಹೋಗಿ ನೋಡಿದಾಗ ಅವು ಮೊಟ್ಟೆಗಳೇ. ಹಕ್ಕಿಯ ಮೊಟ್ಟೆಯಂತಲ್ಲದೆ ನೀಳವಾಗಿ, ಚಿಪ್ಪಿನ ಮೇಲೆ ಸೂಕ್ಷ್ಮವಾದ ಗೆರೆಗಳಿಂದ ಕೂಡಿ, ಗೂಡಿನಲ್ಲಿ ಇಟ್ಟಂತೆಯೇ ಇದ್ದುವು. ಆ ಬೇಸಿಗೆಯಲ್ಲಿ ಸುಮಾರು 25 ಮೊಟ್ಟೆಗಳು ಕೈಸೇರಿದುವು.

ಡೈನೋಸಾರುಗಳು ಮೊಟ್ಟೆಯಿಡುತ್ತಿದ್ದುವೆಂಬುದಕ್ಕೆ ಇದೇ ಮೊದಲನೆಯ ಪ್ರಮಾಣವೆಂದು ಪತ್ರಿಕೆಗಳು ಸಾರಿದುವು. ವಾಸ್ತವವಾಗಿ 1859ರಲ್ಲಿಯೇ ದಕ್ಷಿಣ ಫ್ರಾನ್ಸಿನಲ್ಲಿ ಪೋಷ್ ಎಂಬ ಪಾದ್ರಿಯೊಬ್ಬರು ಇಂಥ ಚಿಪ್ಪುಗಳನ್ನು ವರ್ಣಿಸಿದ್ದರು. ಆದರೆ ಅವರು ಅವುಗಳನ್ನು ಯಾವುದೋ ಬೃಹತ್ಪಕ್ಷಿಯವೆಂದು ಭಾವಿಸಿದ್ದುದರಿಂದ ಆ ಶೋಧ ಮರೆತುಹೋಗಿದ್ದಿತು. ಇದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಅದೇ ಬೇಸಿಗೆಯಲ್ಲಿ ಅದೇ ಕೆಂಪುಕಲ್ಲಿನಲ್ಲಿ ತಂಡದ ಮುಖ್ಯ ಪ್ರಾಗ್ಜೀವವಿಜ್ಞಾನಿಗಳಾದ ವಾಲ್ಟರ್ ಗ್ರೇಂಜರರಿಗೆ ಒಂದೂವರೆ ಅಂಗುಲವನ್ನು ಮೀರದ ಪುಟ್ಟ ತಲೆಬುರುಡೆಯೊಂದು ದೊರೆತಿದ್ದಿತು. ಅದು ಯಾವ ಸರೀಸೃಪದ್ದೆಂದು ತಿಳಿಯದೆಂಬ ಚೀಟಿಯನ್ನಂಟಿಸಿ ಅವರು ಅದನ್ನು ನ್ಯೂಯಾರ್ಕಿಗೆ ಕಳುಹಿಸಿದರು. ಅಲ್ಲಿ ಕಲ್ಲನ್ನು ಬಿಡಿಸಿ ನೋಡಿದಾಗ ಅದು ಡೈನೋಸಾರುಗಳ ಕಾಲದಲ್ಲಿಯೇ ಬದುಕಿದ್ದ ಸಸ್ತನಿಯದೆಂದು ಗೊತ್ತಾಯಿತು. ಅಂಥ ಪ್ರಾಚೀನ ಸಸ್ತನಿಗಳ ಹಲ್ಲು, ದವಡೆಯ ಚೂರುಗಳು ಮಾತ್ರವೇ ಪ್ರಪಂಚದಲ್ಲಿ ಹೆಚ್ಚಾಗಿ ತಿಳಿದಿದ್ದ ಕಾಲ ಅದು. ಇನ್ನಷ್ಟು ಹುಡುಕಿರೆಂಬ ಆದೇಶ ಹೋದುದರಿಂದ 1925ರಲ್ಲಿ ಗ್ರೇಂಜರರೂ ಸಂಗಡಿಗರೂ ಸುಡುಬಿಸಿಲಿನಲ್ಲಿ ಮಂಡಿಯೂರಿ ಗುಳಿಗುಳಿಯನ್ನೂ ಶೋಧಿಸಿ ಇನ್ನೂ ಕೆಲವು ಬುರುಡೆಗಳನ್ನು ಸಂಪಾದಿಸಿದರು. ಇಡೀ ಅನ್ವೇಷಣೆಯಲ್ಲಿ ಅತ್ಯಂತ ಬೆಲೆಬಾಳುವ ವಸ್ತುಗಳು ಇವೇ ಎಂದು ಆಂಡ್ರೂಸರೇ ಹೇಳಿದ್ದಾರೆ. ಇವುಗಳನ್ನು ಹರಾಜಿಗಿಡಬೇಕೆಂದು ಯಾರಿಗೂ ತೋರಲಿಲ್ಲ. ಇಟ್ಟಿದ್ದರೂ ಕೊಳ್ಳಲು ಯಾರು ಬರುತ್ತಿದ್ದರು? ವಿದ್ಯೆಯ ಲೆಕ್ಕದ ಬೆಲೆಯೂ ಸಾರ್ವಜನಿಕರ ಕುತೂಹಲದ ಲೆಕ್ಕದ ಬೆಲೆಯೂ ಒಂದೇ ಬಂಡೆಯಿಂದ ಹೊರಟು ಬೇರೆಬೇರೆ ದಿಕ್ಕಿಗೆ ಹೋದುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

1923ರ ಕೊನೆಯಲ್ಲಿ ಆಂಡ್ರೂಸರು ಅಮೆರಿಕಕ್ಕೆ ಮರಳಿದಾಗ ಅವರ ಮುಂದಿದ್ದ ಪ್ರಶ್ನೆ ಹಣದ್ದು. ಅನ್ವೇಷಣೆಯನ್ನು ಮುಂದುವರಿಸಲು ಮತ್ತೆ ಎರಡೂವರೆ ಲಕ್ಷ ಡಾಲರಿಗೂ ಮೇಲ್ಪಟ್ಟ ಮೊತ್ತ ಬೇಕಾಗಿದ್ದಿತು. ಇಲ್ಲಿ ಒಂದು ವಿಚಿತ್ರವಾದ ತೊಡಕು ಎದುರಾಯಿತು. ಮಾರ್ಗನ್, ರಾಕ್‌ಫೆಲರ್ ಮೊದಲಾದ ಕುಬೇರರು ಬೆನ್ನಿಗಿರುವ ಕಾರ್ಯಕ್ಕೆ ತಮ್ಮ ಹತ್ತಿಪ್ಪತ್ತು ಡಾಲರುಗಳೇಕೆಂದು ಸಾಮಾನ್ಯ ಜನ ಸುಮ್ಮನಿದ್ದರು. ಸಣ್ಣ ಕಾಣಿಕೆಯೂ ಸ್ವಾಗತಾರ್ಹವೆಂಬುದು ದೇಶಕ್ಕೆಲ್ಲ ತಿಳಿಯಬೇಕಾಗಿದ್ದಿತು. ಅದು ತಿಳಿಯಬೇಕಾದರೆ ಪತ್ರಿಕೆಗಳು ಬರೆಯಬೇಕು. ಪತ್ರಿಕೆಗಳಿಗೆ ಆಗ ಮೊಟ್ಟೆಯೊಂದನ್ನು ಬಿಟ್ಟು ಬೇರೆ ಯಾವುದೂ ಬೇಕಿರಲಿಲ್ಲ. ಆದುದರಿಂದ ಮೊಟ್ಟೆಗಳಲ್ಲಿ ಒಂದನ್ನು ಹರಾಜು ಹಾಕುವುದಾಗಿಯೂ ಬಂದ ಹಣ ಅನ್ವೇಷಣೆಯ ನಿಧಿಗೆ ಸೇರುವುದಾಗಿಯೂ ಪ್ರಕಟಣೆ ಹೊರಟಿತು. ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆ, ನ್ಯಾಷನಲ್ ಜಿಯಗ್ರಾಫಿಕ್ ಸೊಸೈಟಿ, ಯೇಲ್ ವಿಶ್ವವಿದ್ಯಾನಿಲಯ ಇವು ಒಂದರ ಮೇಲೊಂದು ಸವಾಲು ಹಾಕಿದುವು. ಕೊನೆಗೆ ಸಾಬೂನು ತಯಾರಿಕೆಯಿಂದ ಹೆಸರಾದ ಮನೆತನಕ್ಕೆ ಸೇರಿದ ಕರ್ನಲ್ ಆಸ್ಟಿನ್ ಕೋಲ್ಗೇಟರು 5,000 ಡಾಲರುಗಳಿಗೆ ಅದನ್ನು ಪಡೆದು, ತಮ್ಮ ಮನೆತನದ ಹೆಸರನ್ನೇ ಹೊತ್ತ ಕೋಲ್ಗೇಟ್ ವಿಶ್ವವಿದ್ಯಾನಿಲಯಕ್ಕೆ ದಾನವಾಗಿ ಕೊಟ್ಟರು.

ಈ ಮೊತ್ತವನ್ನು ಬೇಕಾಗಿದ್ದ ಹಣದೊಡನೆ ಹೋಲಿಸಿ ನೋಡಿದರೆ ಐವತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. ಹರಾಜಿನ ನಿಜವಾದ ಪ್ರಯೋಜನ ಈ ಹಣವಲ್ಲ, ಅದರಿಂದ ಹುಟ್ಟಿದ ಸುದ್ದಿ. ಸಹಾಯಾರ್ಥ ಹರಾಜುಗಳನ್ನು ಕುರಿತು ವಿಚಾರ ಮಾಡುವವರು ಈ ಅಂಶವನ್ನು ಮರೆಯಬಾರದು: ಅಲ್ಲಿ ಒಂದು ವಸ್ತುವನ್ನು ಮಾರಿ, ಆ ಮಾರಾಟದ ಸುದ್ದಿಯಿಂದ ಅದರ ಹಲವು ಪಟ್ಟು ದಾನವನ್ನು ಎಬ್ಬಿಸುವ ಉಪಾಯವಿರುತ್ತದೆ. ಸುದ್ದಿ ದೊಡ್ಡದಾದಷ್ಟೂ ಫಲ ಹೆಚ್ಚು. ಆಂಡ್ರೂಸರ ಲೆಕ್ಕ ಈ ಮಟ್ಟಿಗೆ ತಪ್ಪಲಿಲ್ಲ. ಮುಂದಿನ ಅನ್ವೇಷಣೆಗೆ ಹಣ ಒದಗಿತು. ಆದರೆ ಸುದ್ದಿಗೆ ನ್ಯೂಯಾರ್ಕಿನ ಗಡಿ ಯಾರು ಹಾಕಬಲ್ಲರು? ಅದು ತಂತಿಯ ಮೂಲಕ ಪೀಕಿಂಗಿಗೂ ಉರ್ಗಾಕ್ಕೂ ಹೋಯಿತು. ಹೋಗುವಾಗ ಆಸ್ಟಿನ್ ಕೋಲ್ಗೇಟರ ಔದಾರ್ಯ ಅದರ ಸಂಗಡ ಹೋಗಲಿಲ್ಲ. ಅಲ್ಲಿ ಓದಿದವರಿಗೆ ದೊರೆತದ್ದು ಸರಳವಾದ ಒಂದು ಲೆಕ್ಕ. ಒಂದು ಮೊಟ್ಟೆಗೆ 5,000 ಡಾಲರು; ಒಯ್ದವು 25; ಅಲ್ಲಿಗೆ 1,25,000 ಡಾಲರುಗಳಾದುವು. ಇನ್ನು ಒಂಟೆಗಳ ಮೇಲೆ ಹೋದ ಎಲುಬುಗಳಿಗೆ ಎಷ್ಟೊ! ಗೋಬಿಯ ಕುರಿಗಾಹಿ ಹಿಂದೆ ಕಲ್ಲೆಂದು ಎಡವಿ ಹೋಗುತ್ತಿದ್ದ ವಸ್ತುವನ್ನು ಈ ವಿದೇಶೀಯರು ಮರುಮಾತಿಲ್ಲದೆ ಹೊತ್ತು ಮಾರಿ ಐಶ್ವರ್ಯವಂತರಾಗುತ್ತಿದ್ದಾರೆ ಎಂಬ ಅಭಿಪ್ರಾಯ ಬೇರೂರಿತು. ತಾವು ವಿದ್ಯೆಗಾಗಿಯೇ ಬಂದವರೆಂದು ಆಂಡ್ರೂಸರು ಎಷ್ಟು ಹೇಳಿದರೂ, ಬೆಲೆ ಹಚ್ಚಿ ಮಾರಿದವರು ಅವರೇ ಆದುದರಿಂದ, ಆ ಮಾತಿಗೆ ಬಲವಿರಲಿಲ್ಲ.

ಈ ಸುದ್ದಿ ತಲುಪಿದ ಕಾಲವೂ ಸಾಮಾನ್ಯವಾದುದಲ್ಲ. 1924ರಲ್ಲಿ ಮಂಗೋಲಿಯದ ಧರ್ಮರಾಜನಾಗಿದ್ದ ಬೊಗ್ದ್ ಖಾನ್ ತೀರಿಕೊಂಡನು. ಅದೇ ವರ್ಷ ನವೆಂಬರಿನಲ್ಲಿ ಅಲ್ಲಿ ಗಣರಾಜ್ಯ ಘೋಷಿತವಾಯಿತು. ಉರ್ಗಾ ಉಲಾನ್ ಬಾತರ್ ಆಯಿತು. ನೆಲದಲ್ಲಿ ದೊರೆಯುವ ಪ್ರಾಚೀನ ಅವಶೇಷಗಳು ರಾಜ್ಯದ ಸೊತ್ತೆಂಬ ಕಾನೂನಿನ ಪರಂಪರೆಯೂ ಆ ದೇಶದಲ್ಲಿ 1924ರಿಂದಲೇ ಮೊದಲಾಗುತ್ತದೆ. ಮೊಟ್ಟೆಯ ಹರಾಜಿಗೂ ಈ ಕಾನೂನಿಗೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ಸಾಹಸದ ಮಾತಾದೀತು. ಕಾಲವೊಂದೇ ಎಂಬುದನ್ನಷ್ಟೇ ಇಲ್ಲಿ ಸೂಚಿಸಿದೆ. 1925ರಲ್ಲಿ ತಂಡವು ಹೋದಾಗ ಅಧಿಕಾರಿಗಳ ಸಂಶಯ ಹೆಚ್ಚಿದ್ದಿತು. ಸರ್ಕಾರದ ಪ್ರತಿನಿಧಿಗಳು ಜೊತೆಯಲ್ಲಿ ಬಂದರು. ನಕ್ಷೆ ತೆಗೆಯುವುದು ಬೇಹುಗಾರಿಕೆಯಂತೆ ಕಂಡಿತು. ಹೊರ ಮಂಗೋಲಿಯದಲ್ಲಿ ಆಂಡ್ರೂಸರ ಕೆಲಸ ಅದೇ ಕೊನೆ. ಉಳಿದ ಎರಡು ಪ್ರಯಾಣಗಳು ಚೀನದ ಆಡಳಿತಕ್ಕೆ ಸೇರಿದ ಒಳ ಮಂಗೋಲಿಯದಲ್ಲಿ ನಡೆದುವು.

ಚೀನದ ಸ್ಥಿತಿಯಾದರೋ ಇನ್ನೂ ಕ್ಷುಬ್ಧವಾಗಿದ್ದಿತು. 1919ರ ಮೇ ತಿಂಗಳ ವಿದ್ಯಾರ್ಥಿ ಚಳವಳಿ, 1925ರಲ್ಲಿ ಷಾಂಘಾಯಿಯ ಗುಂಡಿನ ಪ್ರಕರಣದಿಂದೆದ್ದ ವಿದೇಶೀ ವಿರೋಧ, 1926ರಿಂದ 1928ರ ವರೆಗಿನ ಉತ್ತರದ ದಂಡಯಾತ್ರೆ ಇವುಗಳ ನಡುವೆ 1926, 1927ರಲ್ಲಿ ಅನ್ವೇಷಣೆಯೇ ಅಸಾಧ್ಯವಾಯಿತು. ಹೊಸ ವಿದ್ಯಾಭ್ಯಾಸವನ್ನು ಪಡೆದ ಚೀನೀ ವಿದ್ವಾಂಸರ ತಲೆಮಾರೊಂದು ಪೀಕಿಂಗಿನಲ್ಲಿ ಆಗ ತಲೆಯೆತ್ತಿದ್ದಿತು. ತುನ್‌ಹುವಾಂಗ್ ಗುಹೆಗಳ ಹಸ್ತಪ್ರತಿಗಳು ಅಲ್ಪ ಹಣಕ್ಕೆ ಲಂಡನ್ನಿಗೂ ಪ್ಯಾರಿಸ್ಸಿಗೂ ಹೋದುದನ್ನು ಅವರು ಮರೆತಿರಲಿಲ್ಲ. 1928ರಲ್ಲಿ ಆಂಡ್ರೂಸರ ತಂಡವು ಒಳ ಮಂಗೋಲಿಯದಿಂದ ಮರಳಿದಾಗ ಪ್ರಾಚೀನ ವಸ್ತುಗಳ ಸಂರಕ್ಷಣ ಸಮಿತಿಯ ಒತ್ತಾಯದ ಮೇಲೆ ಕಾಲ್ಗನ್ನಿನಲ್ಲಿ ಪೆಟ್ಟಿಗೆಗಳನ್ನು ತಡೆದು ವಾರಗಟ್ಟಲೆ ಇರಿಸಿಕೊಳ್ಳಲಾಯಿತು. ದೇಶದ ನಿಧಿಯನ್ನು ಕದ್ದೊಯ್ಯುತ್ತಿದ್ದಾರೆಂಬುದು ಆರೋಪ. ಮೊಟ್ಟೆಯ ಬೆಲೆ ಆ ಆರೋಪಕ್ಕೆ ಸಿದ್ಧವಾದ ಪ್ರಮಾಣ. ಬಹಳ ಮಾತುಕತೆಯ ಅನಂತರ ಒಂದು ಪಾಲನ್ನು ಅಲ್ಲಿಯೇ ಬಿಟ್ಟು ಉಳಿದುದನ್ನು ಒಯ್ಯಲು ಅವಕಾಶ ದೊರೆಯಿತು. 1929ರಲ್ಲಿ ಅನುಮತಿ ಸಿಕ್ಕಲಿಲ್ಲ. 1930ರಲ್ಲಿ, ಚೀನೀ ವಿದ್ವಾಂಸರನ್ನು ಸೇರಿಸಿಕೊಂಡು, ಕೊನೆಯ ಪ್ರಯಾಣ ನಡೆಯಿತು. ಅದೇ ವರ್ಷ ಜೂನಿನಲ್ಲಿ ಚೀನ ಸರ್ಕಾರವು ಪ್ರಾಚೀನ ವಸ್ತುಗಳ ಸಂರಕ್ಷಣೆಯ ಕಾನೂನನ್ನು ಹೊರಡಿಸಿತು. ಇತಿಹಾಸ ಪುರಾತತ್ತ್ವಗಳ ಜೊತೆಗೆ ಪ್ರಾಗ್ಜೀವವಿಜ್ಞಾನಕ್ಕೆ ಸಂಬಂಧಿಸಿದ ವಸ್ತುಗಳೂ ಅದರ ವ್ಯಾಖ್ಯೆಯಲ್ಲಿ ಸೇರಿದ್ದುವು.

ಆಂಡ್ರೂಸರು ತಮ್ಮ ಬರಹಗಳಲ್ಲಿ ಈ ಅನರ್ಥಗಳ ಮೂಲವನ್ನು ಮೊಟ್ಟೆಯ ಹರಾಜಿನಲ್ಲಿ ಕಾಣುತ್ತಾರೆ. ಅವರನ್ನು ಅನುಸರಿಸಿ ಅನೇಕ ಜನಪ್ರಿಯ ಗ್ರಂಥಗಳೂ ಹೀಗೆಯೇ ಹೇಳುತ್ತವೆ. ನಮ್ಮ ತರ್ಕಶಾಸ್ತ್ರಜ್ಞರು ಉಪಾದಾನ ಕಾರಣ, ನಿಮಿತ್ತ ಕಾರಣಗಳೆಂದು ಮಾಡುವ ವಿಭಾಗವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಡಕೆಗೆ ಮಣ್ಣು ಉಪಾದಾನ. ಕುಂಬಾರ, ಅವನ ಚಕ್ರ ಇವು ನಿಮಿತ್ತ. ಪೀಕಿಂಗಿನಲ್ಲಿ ತಯಾರಾಗಿದ್ದ ಮಣ್ಣು ಯಾವುದು? ಒಂದು ದೇಶದ ನೆಲದಿಂದ ಅಗೆದುದರ ಬಹುಭಾಗವು ಇನ್ನೊಂದು ದೇಶದ ಸಂಗ್ರಹಾಲಯಕ್ಕೆ ಹೋಗುವುದು, ಅಗೆದ ನೆಲದವರು ಅನುಮತಿಯ ಚೀಟಿಯನ್ನು ಕೊಟ್ಟು ಒಂಟೆ ಹೊಡೆಯುವುದರಲ್ಲಿಯೇ ತೃಪ್ತರಾಗಿರಬೇಕೆಂಬುದು, ಇದು ಆ ಕಾಲದ ಪರಿಪಾಠವಾಗಿದ್ದಿತು. ಈ ಪರಿಪಾಠಕ್ಕೆ ವಿರೋಧ ಹುಟ್ಟಲು ಮೊಟ್ಟೆ ಬೇಕಾಗಿರಲಿಲ್ಲ. ಇದಕ್ಕೆ ಬಲವಾದ ಸಾಕ್ಷ್ಯವನ್ನು ಸ್ವೀಡನ್ನಿನ ಸ್ವೆನ್ ಹೆಡಿನರ ಪ್ರಸಂಗ ಒದಗಿಸುತ್ತದೆ. ಅವರು ಯಾವ ಮೊಟ್ಟೆಯನ್ನೂ ಮಾರಿದವರಲ್ಲ. ಆದರೂ 1927ರಲ್ಲಿ ಪೀಕಿಂಗಿಗೆ ಬಂದಾಗ ಅವರ ಯೋಜನೆಗೂ ಇದೇ ವಿರೋಧ ಎದುರಾಯಿತು. ಹೆಡಿನರು ಕುಳಿತು ಮಾತನಾಡಿದರು. ಆ ವರ್ಷ ಏಪ್ರಿಲ್ 26ರಂದು ಆದ ಒಪ್ಪಂದದ ಪ್ರಕಾರ ಚೀನೀ ವಿದ್ವಾಂಸರು ಸಮಾನರಾಗಿ ತಂಡವನ್ನು ಸೇರಿದರು. ಸಂಗ್ರಹಿಸಿದ ವಸ್ತುಗಳು ಚೀನದವೆಂದು ನಿಶ್ಚಯವಾಯಿತು. ಸ್ವೀಡನ್ ಚೀನಗಳ ಜಂಟಿ ಅನ್ವೇಷಣೆ ವರ್ಷಗಟ್ಟಲೆ ನಡೆಯಿತು.

ಆದುದರಿಂದ ಹರಾಜು ನಿಮಿತ್ತ ಮಾತ್ರವೆಂದು ನನ್ನ ಅಭಿಪ್ರಾಯ. ಆದರೆ ನಿಮಿತ್ತವೆಂದ ಮಾತ್ರಕ್ಕೆ ಅದು ಕ್ಷುದ್ರವಾಗುವುದಿಲ್ಲ. ಅಸ್ಪಷ್ಟವಾಗಿದ್ದ ಅಸಮಾಧಾನಕ್ಕೆ ಅದು ಒಂದು ಅಂಕಿಯನ್ನು ಕೊಟ್ಟಿತು. ಪತ್ರಿಕೆಯಲ್ಲಿ ಅಚ್ಚುಹಾಕಬಹುದಾದ, ಸಭೆಯಲ್ಲಿ ಹೇಳಬಹುದಾದ ಅಂಕಿ. ಆಂಡ್ರೂಸರು ಹರಾಜಿನ ಮೇಲೆಯೇ ಹೊರೆಯನ್ನೆಲ್ಲ ಹೊರಿಸಿದುದರಲ್ಲಿ ಅವರಿಗೆ ಒಂದು ಅನುಕೂಲವೂ ಇದ್ದಿತು. ಕೆಟ್ಟದ್ದು ಒಂದು ದಿನದ ಒಂದು ಉಪಾಯ ಎಂದಾದರೆ, ಮಿಕ್ಕ ವ್ಯವಸ್ಥೆಯೆಲ್ಲ ಸರಿಯಾಗಿಯೇ ಇದ್ದಿತೆಂದಾಗುತ್ತದೆ. ಚೀನೀ ಸಮಿತಿಯವರನ್ನು ಅವರು ವಿದ್ಯೆಯ ವಿರೋಧಿಗಳೆಂದೇ ಕೊನೆಯವರೆಗೂ ಬಗೆದರು. ಆ ಸಮಿತಿಯಲ್ಲಿದ್ದವರು ಅವರಷ್ಟೇ ವಿದ್ಯಾಪಕ್ಷಪಾತಿಗಳೆಂಬುದೂ, ವಿದ್ಯೆಯು ಯಾವ ಊರಿನಲ್ಲಿ ಮನೆ ಮಾಡಬೇಕೆಂಬುದಷ್ಟೇ ವಿವಾದದ ವಿಷಯವೆಂಬುದೂ ಅವರಿಗೆ ಹೊಳೆಯಲಿಲ್ಲ. ಮುಂದೆ 1930ರ ದಶಕದ ಮಧ್ಯದಲ್ಲಿ ಅವರು ಆ ವಸ್ತುಸಂಗ್ರಹಾಲಯದ ನಿರ್ದೇಶಕರೇ ಆದರು. 1960ರಲ್ಲಿ ತೀರಿಕೊಂಡರು. ಗೋಬಿಯನ್ನು 1930ರ ಅನಂತರ ಮತ್ತೆ ಕಾಣಲಿಲ್ಲ.

ಹರಾಜಾದ ಮೊಟ್ಟೆಯ ವಿಷಯದಲ್ಲಿ ಇನ್ನೊಂದು ಮಾತು ಉಳಿದಿದೆ. ಅದನ್ನು ಪ್ರೋಟೋಸೆರಾಟಾಪ್ಸಿನ ಮೊಟ್ಟೆಯೆಂದು ಮಾರಲಾಗಿತ್ತು. ಆ ಪ್ರಾಣಿಯ ಎಲುಬುಗಳು ಅಲ್ಲಿ ಹೇರಳವಾಗಿದ್ದುದೇ ಇದಕ್ಕೆ ಆಧಾರ. ಅಂಥ ಗೂಡೊಂದರ ಮೇಲೆಯೇ ಬೇರೊಂದು ಸಣ್ಣ ಡೈನೋಸಾರಿನ ಅಸ್ಥಿಗಳು ಸಿಕ್ಕಿದುದರಿಂದ, ಅದು ಮೊಟ್ಟೆ ಕದಿಯಲು ಬಂದು ಸತ್ತಿರಬೇಕೆಂದು ಊಹಿಸಿ ಆಸ್ಬಾರ್ನರು 1924ರಲ್ಲಿ ಅದಕ್ಕೆ ಓವಿರಾಪ್ಟರ್, ಎಂದರೆ ಮೊಟ್ಟೆಗಳ್ಳ, ಎಂದು ಹೆಸರಿಟ್ಟರು. ಈ ಹೆಸರು ಪ್ರಾಣಿಯ ಸ್ವಭಾವಕ್ಕೆ ಅನ್ಯಾಯವಾಗಿರಲೂಬಹುದೆಂದು ಅವರೇ ಎಚ್ಚರಿಸಿದ್ದುದು ಅವರ ಪಾಂಡಿತ್ಯಕ್ಕೆ ಭೂಷಣ. 1990ರಲ್ಲಿ ಮಂಗೋಲಿಯದ ಬಾಗಿಲು ಮತ್ತೆ ತೆರೆದು, ಅಲ್ಲಿಯ ವಿಜ್ಞಾನ ಅಕಾಡೆಮಿಯೂ ಅದೇ ಅಮೆರಿಕನ್ ವಸ್ತುಸಂಗ್ರಹಾಲಯವೂ ಜಂಟಿಯಾಗಿ ಕೆಲಸವನ್ನು ಆರಂಭಿಸಿದ ಮೇಲೆ, 1993ರಲ್ಲಿ ಉಖಾ ತೊಲ್ಗೊದ್ ಎಂಬ ಸ್ಥಳದಲ್ಲಿ ಇದೇ ಬಗೆಯ ಮೊಟ್ಟೆಯೊಳಗೆ ಭ್ರೂಣವೊಂದು ದೊರೆಯಿತು. ಅದು ಓವಿರಾಪ್ಟರ್ ವಂಶದ್ದು. ಕಳ್ಳನೆಂದು ಎಪ್ಪತ್ತು ವರ್ಷ ಹೆಸರು ಹೊತ್ತದ್ದು ವಾಸ್ತವವಾಗಿ ತನ್ನ ಮೊಟ್ಟೆಗಳನ್ನೇ ಕಾಯುತ್ತಿದ್ದ ಪ್ರಾಣಿ. ಕೋಲ್ಗೇಟರು ಕೊಂಡ ಮೊಟ್ಟೆ ಈಗಲೂ ನ್ಯೂಯಾರ್ಕ್ ಸಂಸ್ಥಾನದ ಹ್ಯಾಮಿಲ್ಟನ್ ಪಟ್ಟಣದಲ್ಲಿ, ಆ ವಿಶ್ವವಿದ್ಯಾನಿಲಯದ ಭೂವಿಜ್ಞಾನ ಸಂಗ್ರಹಾಲಯದಲ್ಲಿದೆ. ಅದರ ಹೆಸರು ಬದಲಾಗಿದೆ. ಭ್ರೂಣವನ್ನು ಗುರುತಿಸಿದ ಕೆಲಸವು ನ್ಯೂಯಾರ್ಕಿನಲ್ಲಿ ಕಾದಿರಿಸಿದ್ದ ಇತರ ಮೊಟ್ಟೆಗಳೊಡನೆ ಹೋಲಿಸಿ ನೋಡಲು ಸಾಧ್ಯವಾದುದರಿಂದಲೇ ಪೂರ್ಣವಾಯಿತೆಂಬುದನ್ನೂ ಮರೆಯಲಾಗದು. 25 ಮೊಟ್ಟೆಗಳೂ ಹರಾಜಾಗಿ ಚದರಿಹೋಗಿದ್ದರೆ ಇದು ಕಷ್ಟವಾಗುತ್ತಿದ್ದಿತು.

ಡೈನೋಸಾರುಗಳ ಹರಾಜು ನಮ್ಮ ಕಾಲದಲ್ಲಿ ದೊಡ್ಡ ವ್ಯಾಪಾರವೇ ಆಗಿದೆ. 1997ರಲ್ಲಿ ಒಂದು ಟಿರಾನೊಸಾರಿನ ಅಸ್ಥಿಪಂಜರಕ್ಕೆ ಷಿಕಾಗೋ ನಗರದ ಫೀಲ್ಡ್ ವಸ್ತುಸಂಗ್ರಹಾಲಯವು ದಾನಿಗಳ ನೆರವಿನಿಂದ 83 ಲಕ್ಷ ಡಾಲರಿಗೂ ಹೆಚ್ಚು ತೆರಬೇಕಾಯಿತು. 2020ರಲ್ಲಿ ಇನ್ನೊಂದಕ್ಕೆ 3 ಕೋಟಿ 18 ಲಕ್ಷ ಡಾಲರು ಬಂದು, ಅದು ಅಬುಧಾಬಿಯಲ್ಲಿ ಕಟ್ಟಲಾಗುತ್ತಿದ್ದ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದ ಪಾಲಾಯಿತು. ಅವೆರಡೂ ಅಮೆರಿಕದ ನೆಲದವು. ಅಲ್ಲಿಯ ಕಾನೂನಿನಲ್ಲಿ ಖಾಸಗಿ ಜಮೀನಿನ ಅವಶೇಷ ಜಮೀನುದಾರನದು. ಗೋಬಿಯದು ಹಾಗಲ್ಲ. 2012ರ ಮೇ 20ರಂದು ನ್ಯೂಯಾರ್ಕಿನಲ್ಲಿ ಟಾರ್ಬೊಸಾರ್ ಎಂಬ ಮಾಂಸಾಹಾರಿ ಡೈನೋಸಾರಿನ ಅಸ್ಥಿಪಂಜರವನ್ನು ಹರಾಜಿಗಿಟ್ಟಾಗ 10,52,500 ಡಾಲರುಗಳಿಗೆ ಸವಾಲು ನಿಂತಿತು. ಈ ಜಾತಿಯ ಅವಶೇಷಗಳು ಗೋಬಿಯಲ್ಲಿ ದೊರೆಯತಕ್ಕವು, ಆದುದರಿಂದ ಇದು ಕಳವಿನ ಮಾಲೆಂದು ಮಂಗೋಲಿಯದ ಪ್ರಾಗ್ಜೀವವಿಜ್ಞಾನಿಗಳಾದ ಬೊಲೊರ್ತ್‌ಸೆತ್ಸೆಗ್ ಮಿಂಜಿನ್ ಎಂಬ ವಿದುಷಿಯೂ, ಆ ದೇಶದ ಅಧ್ಯಕ್ಷರಾಗಿದ್ದ ಎಲ್ಬೆಗ್ದೋರ್ಜರೂ ಮುಂಚೆಯೇ ಆಕ್ಷೇಪಿಸಿದ್ದರು. ಗ್ರೇಟ್ ಬ್ರಿಟನ್ನಿನಿಂದ ಬಂದ ಸರಕೆಂದು ಸುಂಕದ ಕಾಗದದಲ್ಲಿ ಸುಳ್ಳು ಬರೆದಿದ್ದುದು ಬಯಲಾಯಿತು. ಅಮೆರಿಕದ ಸರ್ಕಾರವೇ ಅಸ್ಥಿಪಂಜರದ ಮೇಲೆ ದಾವೆ ಹೂಡಿ ಅದನ್ನು ವಶಪಡಿಸಿಕೊಂಡಿತು. ಮೊಕದ್ದಮೆಯಲ್ಲಿ ಪ್ರತಿವಾದಿಯ ಸ್ಥಾನದಲ್ಲಿದ್ದುದು ಡೈನೋಸಾರೇ ಎಂಬುದು ನ್ಯಾಯಶಾಸ್ತ್ರದ ವಿದ್ಯಾರ್ಥಿಗಳಿಗೆ ಸ್ವಾರಸ್ಯದ ವಿಷಯ. ಮಂಗೋಲಿಯದ ಹಕ್ಕಿಗೆ ಅಲ್ಲಿ ಆಧಾರವಾಗಿ ಎತ್ತಿ ಹೇಳಲಾದ ಕಾನೂನುಗಳ ಸಾಲು 1924ರಿಂದ ಆರಂಭವಾಗುತ್ತದೆ.

2013ರ ಮೇ ತಿಂಗಳಿನಲ್ಲಿ ಅಸ್ಥಿಪಂಜರವನ್ನು ಮಂಗೋಲಿಯಕ್ಕೆ ಒಪ್ಪಿಸಲಾಯಿತು. ಉಲಾನ್ ಬಾತರಿನ ಮುಖ್ಯ ಚೌಕದಲ್ಲಿ ಅದನ್ನು ನಿಲ್ಲಿಸಿದಾಗ ನೋಡಲು ಜನ ಸಾಲುಗಟ್ಟಿ ಬಂದರು. ಆವರೆಗೆ ಡೈನೋಸಾರುಗಳಿಗೆಂದೇ ಪ್ರತ್ಯೇಕವಾದ ರಾಷ್ಟ್ರೀಯ ಸಂಗ್ರಹಾಲಯ ಅಲ್ಲಿರಲಿಲ್ಲ. ಹಿಂದೆ ಲೆನಿನ್ ವಸ್ತುಸಂಗ್ರಹಾಲಯವಾಗಿದ್ದ ಕಟ್ಟಡವನ್ನು ಇದಕ್ಕಾಗಿ ತೆರವು ಮಾಡಿ, ಮರಳಿಬಂದ ಟಾರ್ಬೊಸಾರನ್ನು ಮುಖ್ಯ ಪ್ರದರ್ಶನವಾಗಿಟ್ಟು, ಮಂಗೋಲಿಯದ ಡೈನೋಸಾರುಗಳ ಕೇಂದ್ರ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಲಾಯಿತು. ಗೋಬಿಯಲ್ಲಿ ಈಗ ನಡೆಯುವ ಜಂಟಿ ಅಗೆತಗಳಲ್ಲಿ ದೊರೆತ ಅವಶೇಷಗಳು ಕಲ್ಲು ಬಿಡಿಸುವುದಕ್ಕೂ ಅಧ್ಯಯನಕ್ಕೂ ನ್ಯೂಯಾರ್ಕಿಗೆ ಎರವಲಾಗಿ ಹೋಗುತ್ತವೆ, ಒಡೆತನ ಮಂಗೋಲಿಯದು.